ವಿಳಾಸ ತಪ್ಪಿದ ದೆವ್ವಗಳು

ಪ್ರಶ್ನೆ: ಚೀನಾ ಜಾನಪದದ ಸೇಡಿನ ದೆವ್ವಗಳು ಇವತ್ತಿನ ಹಾಂಕಾಂಗ್‌ನಲ್ಲಿ ಬಿಡುಗಡೆಯಾಗುವ ಕಾದಂಬರಿ ಬರೆಯುತ್ತಿದ್ದೇನೆ. ಮ್ಯೂಸಿಯಂನಲ್ಲಿದ್ದ ಹಳೇ ಮಡಕೆಯೊಂದು ಒಡೆದು ನೂರಾರು ದೆವ್ವ ಹೊರಗೆ ಬರುತ್ತವೆ, ಎದುರು ಸಿಕ್ಕವರನ್ನೆಲ್ಲ ಕೊಲ್ಲುತ್ತವೆ. ಕೊನೆಗೆ ನಾಯಕ ಮಂತ್ರ ಹಾಕಿ ಅವನ್ನು ಮತ್ತೆ ಮಡಕೆಗೆ ತುಂಬುತ್ತಾನೆ. ಓದಿದ ಗೆಳೆಯರು "ಇದು ಚೀನೀ ದೆವ್ವ ಅನ್ನಿಸ್ತಾ ಇಲ್ಲ" ಅಂದರು. ಎಲ್ಲಿ ತಪ್ಪಿದೆ?

ಉತ್ತರ: ಗೆಳೆಯರ ಮೂಗು ಚುರುಕಾಗಿದೆ. ನೀವು ಬರೆದಿರುವುದು ಸೀಸೆಯೊಳಗಿನ ಜಿನ್ನಿಯ ಕಥೆ, ಅದಕ್ಕೆ ಚೀನೀ ಅಂಗಿ ತೊಡಿಸಿದ್ದೀರಿ. ಸಂತೋಷದ ಸಂಗತಿಯೆಂದರೆ ಮಡಕೆ ಸರಿಯಾದ ವಸ್ತುವೇ. ಅದನ್ನು ಎಸೆಯಬೇಡಿ, ಕೊನೆಯಲ್ಲಿ ಅಲ್ಲಿಗೇ ಬರುತ್ತೇನೆ.

ಮೊದಲು ಒಂದು ಮಾತು. ಚೀನೀ ಪರಂಪರೆಯಲ್ಲಿ ದೆವ್ವ ಕೆಟ್ಟದ್ದು ಅಂತ ಕಾಡುವುದಿಲ್ಲ, ಬಾಕಿ ಇದೆ ಅಂತ ಕಾಡುತ್ತದೆ. ಎಡೆ ಬಾಕಿ, ನ್ಯಾಯ ಬಾಕಿ, ಇಲ್ಲವೇ ಇರಲು ಜಾಗವೇ ಬಾಕಿ. ಕಥೆಗಾರ ಆ ಬಾಕಿ ಏನು, ಅದು ಯಾರ ಲೆಕ್ಕದಲ್ಲಿದೆ ಎಂದು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ದೆವ್ವ ಎಷ್ಟು ಕಿರುಚಿದರೂ ಓದುವವರ ಬೆನ್ನು ತಣ್ಣಗಾಗುವುದಿಲ್ಲ.

ಇದರ ತೀರ ಹಳೆಯ, ಸ್ಪಷ್ಟ ಉದಾಹರಣೆಗಳಲ್ಲೊಂದು ಝೆಂಗ್ ಎಂಬ ಸಣ್ಣ ರಾಜ್ಯದ್ದು. ಬೋಯೂ ಎಂಬ ಕುಲೀನ, ನೆಲಮಾಳಿಗೆ ಕಟ್ಟಿಸಿಕೊಂಡು ರಾತ್ರಿಯಿಡೀ ಕುಡಿಯುತ್ತಿದ್ದವನು, ಕ್ರಿ.ಪೂ. 543ರಲ್ಲಿ ಅಂತಃಕಲಹದಲ್ಲಿ ಕುರಿಸಂತೆಯ ನಡುವೆ ಕೊಲೆಯಾದ. ಏಳೆಂಟು ವರ್ಷಗಳ ಮೇಲೆ ಯಾರದೋ ಕನಸಿನಲ್ಲಿ ಕವಚ ತೊಟ್ಟು ಬಂದು, ಇಂಥ ದಿನ ಇಂಥವನನ್ನು ಕೊಲ್ಲುತ್ತೇನೆ, ಮುಂದಿನ ವರ್ಷ ಇಂಥ ದಿನ ಇನ್ನೊಬ್ಬನನ್ನು, ಎಂದು ಹೆಸರು, ತಿಥಿ ಸಮೇತ ಹೇಳಿ ಹೋದ. ಇಬ್ಬರೂ ಹೇಳಿದ ದಿನವೇ ಸತ್ತರು. "ಬೋಯೂ ಬಂದ!" ಎಂದು ಯಾರಾದರೂ ಕೂಗಿದರೆ ಸಾಕು, ಊರವರು ಎಲ್ಲಿಗೆ ಎಂದು ನೋಡದೆ ದಿಕ್ಕಾಪಾಲಾಗಿ ಓಡುತ್ತಿದ್ದರಂತೆ. ಆಗ ಮಂತ್ರಿ ಝಿಚಾನ್ ಮಾಂತ್ರಿಕರನ್ನು ಕರೆಸಲಿಲ್ಲ. ಬೋಯೂನ ಮಗನಿಗೆ ಹುದ್ದೆ ಕೊಟ್ಟ, ಅಷ್ಟೇ. ಹುದ್ದೆ ಸಿಕ್ಕರೆ ಮನೆತನ ನಿಲ್ಲುತ್ತದೆ, ಮನೆತನ ನಿಂತರೆ ಅಪ್ಪನಿಗೆ ಎಡೆ ಬೀಳುತ್ತದೆ. ಕಾಟ ನಿಂತಿತು. ಕಾರಣ ಕೇಳಿದವರಿಗೆ ಝಿಚಾನ್ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ದೆವ್ವಕ್ಕೆ ಮರಳಿ ಹೋಗಲು ಒಂದು ನೆಲೆ ಇದ್ದರೆ ಅದು 'ಲೀ' ಆಗುವುದಿಲ್ಲ, ನಾನು ನೆಲೆ ಮಾಡಿಕೊಟ್ಟೆ.

ಈ 'ಲೀ' ಎಂಬುದೇ ನಿಮ್ಮ ವಿಷಯ. ಲೀ ಗ್ವೇಯ್ ಅಂದರೆ ಉಗ್ರವಾದ, ಸೇಡಿನ ದೆವ್ವ. 'ಗ್ವೇಯ್' ಬರೀ ದೆವ್ವ, ಸತ್ತವರು ಯಾರಾದರೂ ಸರಿ. ಎಡೆ ಇಡುವ ಮಕ್ಕಳು ಮೊಮ್ಮಕ್ಕಳಿದ್ದರೆ ಅದೇ ಗ್ವೇಯ್ ಮನೆಯ ಹಿರಿಯ, ಅಂಥವರಿಲ್ಲದಿದ್ದರೆ ಬೀದಿಯ ಅಬ್ಬೇಪಾರಿ. ನನ್ನ ಮನೆಯ ಹಿರಿಯ ನಿಮಗೆ ದೆವ್ವ, ನಿಮ್ಮ ಮನೆಯ ಹಿರಿಯ ನನಗೆ ದೆವ್ವ. ಈ ಒಂದು ಎಳೆಯ ಮೇಲೇ ನೀವು ಇಡೀ ಕಾದಂಬರಿ ಕಟ್ಟಬಹುದು.

ಅಬ್ಬೇಪಾರಿಗಳ ಸಂಖ್ಯೆ ಹೆಚ್ಚಾದರೆ ಅದು ಸರ್ಕಾರದ ತಲೆನೋವು. ಮಿಂಗ್ ವಂಶದ ಮೊದಲ ಚಕ್ರವರ್ತಿ ಹೊಂಗ್‌ವು 1370ರಲ್ಲಿ, ಪ್ರತಿ ಆಡಳಿತ ಪಟ್ಟಣದ ಉತ್ತರಕ್ಕೆ ಇಂಥ ದೆವ್ವಗಳಿಗಾಗಿ ಒಂದು ವೇದಿಕೆ ಕಟ್ಟಿಸಿ ವರ್ಷಕ್ಕೆ ಮೂರು ಸಲ ಎಡೆ ಇಡಬೇಕೆಂದು ಹುಕುಂ ಹೊರಡಿಸಿದ: ಹಿರಿಯರ ಸಮಾಧಿ ಗುಡಿಸುವ ಚಿಂಗ್‌ಮಿಂಗ್ ಹಬ್ಬಕ್ಕೆ, ಚಾಂದ್ರಮಾನದ ಏಳನೇ ತಿಂಗಳ 15ಕ್ಕೆ, ಹತ್ತನೇ ತಿಂಗಳ 1ಕ್ಕೆ. ಆ ಹೊತ್ತಿನಲ್ಲಿ ಓದುವ ಪಾಠದಲ್ಲಿ ಕರೆಯಬೇಕಾದವರ ಪಟ್ಟಿಯೇ ಇದೆ. ಕತ್ತಿಗೆ ಸಿಕ್ಕಿ ಸತ್ತವರು, ನೀರು, ಬೆಂಕಿ, ಕಳ್ಳರ ಪಾಲಾದವರು, ದುಡ್ಡು ಕಿತ್ತುಕೊಂಡು ಸಾಯುವಂತೆ ಮಾಡಲ್ಪಟ್ಟವರು, ಹೆಂಡತಿಯನ್ನು ಕಸಿದುಕೊಂಡಾಗ ಜೀವ ಬಿಟ್ಟವರು, ಮಾಡದ ತಪ್ಪಿಗೆ ಶಿಕ್ಷೆಯಾಗಿ ಸತ್ತವರು, ಸಾಂಕ್ರಾಮಿಕಕ್ಕೆ ಹೋದವರು, ಮೃಗ ಮತ್ತು ವಿಷಜಂತುಗಳಿಗೆ ಬಲಿಯಾದವರು, ಹಸಿವು ಚಳಿಗೆ ಸತ್ತವರು, ನೇಣು ಹಾಕಿಕೊಂಡವರು, ಗೋಡೆ ಕುಸಿದು ಸತ್ತವರು, ಸತ್ತ ಮೇಲೆ ಮಕ್ಕಳಿಲ್ಲದವರು. ನಿಮಗೆ ಪಾತ್ರಗಳು ಬೇಕಿದ್ದರೆ ಇದಕ್ಕಿಂತ ಒಳ್ಳೆಯ ಪಟ್ಟಿ ಸಿಗಲಾರದು. ಇದರಲ್ಲೊಂದು ತಮಾಷೆಯೂ ಇದೆ: ಎಡೆ ತಿಂದ ದೆವ್ವಗಳು ಊರಿನಲ್ಲಿ ಅಪ್ಪ ಅಮ್ಮನಿಗೆ ಎದುರಾಡುವವರು, ಕಾನೂನು ಮುರಿಯುವವರು ಯಾರಿದ್ದಾರೆ ಎಂದು ಚೆಂಗ್‌ಹ್ವಾಂಗ್‌ಗೆ, ಅಂದರೆ ನಗರದೇವತೆಗೆ, ವರದಿ ಒಪ್ಪಿಸಬೇಕು. ಊಟ ಹಾಕಿ ಗುಪ್ತಚರ ಕೆಲಸ ಮಾಡಿಸಿಕೊಂಡ ಹಾಗೆ!

ಇನ್ನು ಬಗೆಗಳು. ಎಲ್ಲವನ್ನೂ ಒಂದೇ ಕಥೆಗೆ ತುರುಕಬೇಡಿ, ಒಂದೊಂದರ ತರ್ಕವೂ ಬೇರೆ.

ಯುವಾನ್ ಹುನ್, ಅನ್ಯಾಯಕ್ಕೆ ಸತ್ತ ಆತ್ಮ. ಇದು ನಿಜವಾದ ಸೇಡಿನದು, ಆದರೆ ಗುರಿ ಕಟ್ಟಿಕೊಂಡದ್ದು. ತನ್ನನ್ನು ಕೊಂದವನನ್ನೋ ಅವನ ಮನೆತನವನ್ನೋ ಹುಡುಕುತ್ತದೆ, ದಾರಿಹೋಕರ ತಂಟೆಗೆ ಹೋಗುವುದಿಲ್ಲ. ಎಷ್ಟೋ ಕಥೆಗಳಲ್ಲಿ ಅದು ಕೊಲ್ಲುವುದೂ ಇಲ್ಲ. ನ್ಯಾಯಾಧೀಶನ ಮೇಜಿನ ಮುಂದೆ ಬಂದು ಮೊಕದ್ದಮೆ ಹೂಡುತ್ತದೆ. ಸಾಂಗ್ ಕಾಲದ ಅಧಿಕಾರಿ ಬಾವೊ ಝೆಂಗ್ (999–1062) ಹಗಲು ಬದುಕಿದವರ ದೂರು, ರಾತ್ರಿ ಸತ್ತವರ ದೂರು ಕೇಳುತ್ತಿದ್ದನೆಂಬ ಐತಿಹ್ಯ ಹುಟ್ಟಿದ್ದೇ ಹೀಗೆ.

ಶ್ವೇಯ್ ಗ್ವೇಯ್, ನೀರಿನ ದೆವ್ವ. ಇದಕ್ಕೆ ಯಾರ ಮೇಲೂ ದ್ವೇಷವಿಲ್ಲ, ಅದಕ್ಕೇ ಹೆಚ್ಚು ಭಯಂಕರ. ಮುಳುಗಿ ಸತ್ತವನು ಅದೇ ನೀರಿನಲ್ಲಿ ಸಿಕ್ಕಿಕೊಂಡಿರುತ್ತಾನೆ. ಇನ್ನೊಬ್ಬನನ್ನು ಎಳೆದು ಮುಳುಗಿಸಿ 'ತೀಶೆನ್', ಅಂದರೆ ತನ್ನ ಜಾಗಕ್ಕೆ ಬದಲಿ ಆಳು, ಸಿಕ್ಕಿದ ಮೇಲೆಯೇ ಮರುಹುಟ್ಟಿಗೆ ಬಿಡುಗಡೆ. ನೇಣಿನ ದೆವ್ವದ್ದೂ ಇದೇ ಲೆಕ್ಕ. ಬದಲಿಯಾಗಿ ಸಿಕ್ಕವನು ಮುಂದಿನ ಬದಲಿಗೆ ಕಾಯಬೇಕು. ಸರಪಳಿಗೆ ಕೊನೆಯೇ ಇಲ್ಲ, ಯಾರಾದರೂ ಒಬ್ಬರು ಬದಲಿ ಬೇಡ ಅನ್ನುವವರೆಗೆ.

ಕೆಂಪು ಬಟ್ಟೆಯ ಹೆಣ್ಣುದೆವ್ವ. ಕೆಂಪು ಮದುವೆಯ, ಜೀವದ, ಯಾಂಗ್ ಎಂಬ ಬೆಳಕು-ಬಿಸಿಯ ಶಕ್ತಿಯ ಬಣ್ಣ. ಸೇಡಿಗಾಗಿ ಸಾಯುವವಳು ಕೆಂಪು ಉಟ್ಟು ಸತ್ತರೆ ಉಗ್ರಳಾಗಿ ಮರಳುತ್ತಾಳೆಂಬ ನಂಬಿಕೆ ಹಾಂಕಾಂಗ್‌ನಲ್ಲೂ ತೈವಾನ್‌ನಲ್ಲೂ ಗಟ್ಟಿ. ಬಿಳಿ ಸೀರೆಯ ಮೋಹಿನಿ ನೋಡಿ ಬೆಳೆದ ನಮ್ಮ ಕಣ್ಣಿಗೆ ಕೆಂಪು ಹಬ್ಬದ ಹಾಗೆ ಕಾಣುತ್ತದೆ, ಅಲ್ಲಿ ಲಿಫ್ಟಿನ ಬಾಗಿಲು ತೆರೆದಾಗ ಕೆಂಪು ಕಂಡರೆ ಓದುಗರು ಪುಟ ಮುಚ್ಚುತ್ತಾರೆ. (ಬಟ್ಟೆಯ ಮಾತು ಬಂದಾಗ ಹೇಳಿಬಿಡುತ್ತೇನೆ: ಮೊದಲನೇ ಶತಮಾನದ ವಾಂಗ್ ಚೋಂಗ್ ಎಂಬ ಸಂದೇಹವಾದಿ, ದೆವ್ವ ಸತ್ತವರ ಆತ್ಮವಾದರೆ ಬೆತ್ತಲೆ ಕಾಣಬೇಕಲ್ಲ, ಅಂಗಿಗೂ ಆತ್ಮ ಇರುತ್ತದೆಯೇ ಎಂದು ಕೇಳಿದ್ದ. ಸತ್ತವರೆಲ್ಲ ದೆವ್ವವಾದರೆ ದಾರಿಯಲ್ಲಿ ಹೆಜ್ಜೆಗೊಂದು ನಿಂತಿರಬೇಕಿತ್ತು ಎಂದೂ ಹೇಳಿದ. ನಿಮ್ಮ ಕಥೆಯಲ್ಲೊಬ್ಬ ನಂಬದವನು ಬೇಕಿದ್ದರೆ ಈ ಎರಡು ಪ್ರಶ್ನೆ ಅವನ ಬಾಯಿಗೆ ಕೊಡಿ.)

ಜಿಯಾಂಗ್‌ಶಿ, ಕೈ ಮುಂದೆ ಚಾಚಿ ಕುಪ್ಪಳಿಸುವುದು, ದೆವ್ವವೇ ಅಲ್ಲ. ಅದು ಸೆಟೆದ ಹೆಣ. ದೇಹ ಇದೆ, ಲೆಕ್ಕ ಕೇಳುವ ಆತ್ಮ ಇಲ್ಲ. ಮನುಷ್ಯನಿಗೆ ಮೂರು 'ಹುನ್' ಮತ್ತು ಏಳು 'ಪೋ' ಇರುತ್ತವೆ ಎಂಬುದು ಬಳಕೆಯ ಎಣಿಕೆ. ಹುನ್ ಹಗುರ, ಮೇಲಕ್ಕೆ ಹೋಗುವಂಥದು. ಪೋ ಭಾರ, ದೇಹಕ್ಕೆ ಅಂಟಿಕೊಳ್ಳುವಂಥದು. ಹುನ್ ಹೋಗಿ ಪೋ ಉಳಿದ ಹೆಣವೇ ಜಿಯಾಂಗ್‌ಶಿ ಎನ್ನುತ್ತಾರೆ. ನಿಮ್ಮ ಹಸ್ತಪ್ರತಿಯಲ್ಲಿ ಅದು ಸೇಡಿನ ಮಾತಾಡುತ್ತದಲ್ಲ, ಆ ಅಧ್ಯಾಯ ತೆಗೆಯಿರಿ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಬಿಡುಗಡೆ. ಇದಕ್ಕೆ ಮುದ್ರೆ ಒಡೆಯಬೇಕಾಗಿಲ್ಲ, ಪ್ರತಿ ವರ್ಷ ರಜೆ ಕೊಟ್ಟ ಹಾಗೆ ಬಾಗಿಲು ತೆರೆಯುತ್ತಾರೆ. ಚಾಂದ್ರಮಾನದ ಏಳನೇ ತಿಂಗಳ ಮೊದಲ ದಿನ ಪಾತಾಳದ ಬಾಗಿಲು ತೆರೆದು ತಿಂಗಳ ಕೊನೆಗೆ ಮುಚ್ಚುತ್ತದೆ. 2026ರಲ್ಲಿ ಅದು ಆಗಸ್ಟ್ 13ರಿಂದ ಸೆಪ್ಟೆಂಬರ್ 10ರವರೆಗೆ, ನಡುವಿನ 15ನೇ ದಿನ ಆಗಸ್ಟ್ 27. ಆ ದಿನವನ್ನು ತಾವೊ ಪಂಥದವರು ಝೋಂಗ್‌ಯುವಾನ್ ಎನ್ನುತ್ತಾರೆ, ಬೌದ್ಧರು ಯೂಲಾನ್. ಬುದ್ಧನ ಶಿಷ್ಯ ಮೌದ್ಗಲ್ಯಾಯನ ಪ್ರೇತವಾಗಿ ಹಸಿದಿದ್ದ ತಾಯಿಗೆ ಅನ್ನ ಕೊಡಲು ಹೋದಾಗ ಅದು ಬಾಯಿಯ ಹತ್ತಿರ ಕೆಂಡವಾಯಿತೆಂಬ ಕಥೆ ಈ ಹಬ್ಬದ್ದು. ನಮ್ಮ ಯಮನೇ ಅಲ್ಲಿ ಯಾನ್‌ಲುವೊ ಆಗಿ ಕುಳಿತಿದ್ದಾನೆ, ಪಾತಾಳದ ಹತ್ತು ನ್ಯಾಯಾಲಯಗಳ ಪೈಕಿ ಒಂದರಲ್ಲಿ. ತಿಥಿಗಳೂ ಕೆಲವೊಮ್ಮೆ ಹತ್ತಿರ ಬರುತ್ತವೆ: 2025ರಲ್ಲಿ ಅವರ 15ನೇ ದಿನ ಸೆಪ್ಟೆಂಬರ್ 6, ಅದಾದ ಎರಡೇ ದಿನಕ್ಕೆ ನಮ್ಮಲ್ಲಿ ಪಿತೃಪಕ್ಷ ಶುರುವಾಯಿತು.

ಹಾಂಕಾಂಗ್ ಎಂದಿದ್ದೀರಿ, ಹಾಗಾದರೆ ಒಂದು ಎಚ್ಚರಿಕೆ. ಕ್ಯಾಂಟೊನೀಸ್ ಮನೆಗಳಲ್ಲಿ ಮುಖ್ಯ ರಾತ್ರಿ 14ನೆಯದು, 15 ಅಲ್ಲ. ಅವತ್ತಿನ ಕೆಲಸಕ್ಕೆ 'ಸಿಯೂ ಗಾಯ್ ಯೀ' ಎನ್ನುತ್ತಾರೆ, ಬೀದಿಯ ಬಟ್ಟೆ ಸುಡುವುದು. ಕತ್ತಲಾದ ಮೇಲೆ ಮನೆಯ ಹೊರಗೆ, ಫುಟ್‌ಪಾತಿನ ಅಂಚಿನಲ್ಲಿ ಒಂದು ಜೊತೆ ಕೆಂಪು ಮೇಣದಬತ್ತಿ ಹಚ್ಚಿ ಊದುಬತ್ತಿ ನೆಡುತ್ತಾರೆ. ಮುಂದೆ ಬಿಳಿ ಅನ್ನ, ಮೊಳಕೆಕಾಳು, ತೋಫು ಇಡುತ್ತಾರೆ. ಕಾಗದದ ಬಟ್ಟೆಯನ್ನೂ ಪರಲೋಕದ ನೋಟುಗಳನ್ನೂ ತಗಡಿನ ಡಬ್ಬದಲ್ಲಿ ಸುಡುತ್ತಾರೆ. ಕಡೆಗೆ ಅಕ್ಕಿಯನ್ನೋ ಚಿಲ್ಲರೆ ನಾಣ್ಯವನ್ನೋ ಬೀದಿಗೆ ಎರಚುತ್ತಾರೆ. ಇಷ್ಟನ್ನೂ ಮನೆಯ ಹೊರಗೇ ಮಾಡಬೇಕು, ಒಳಗಿನ ಪೀಠ ಮನೆಯ ಹಿರಿಯರದ್ದು. ನಿಮ್ಮ ಮೂರನೇ ಅಧ್ಯಾಯದಲ್ಲಿ ಅಜ್ಜಿ ದೆವ್ವದ ಎಡೆಯನ್ನು ನಡುಮನೆಯಲ್ಲಿ ಇಡುತ್ತಾಳೆ. ಅಂದರೆ ಅಬ್ಬೇಪಾರಿಗಳನ್ನು ತಾನೇ ಒಳಗೆ ಕರೆದ ಹಾಗಾಯಿತು. ಬೇಕೆಂದೇ ಹಾಗೆ ಬರೆದಿದ್ದರೆ ಶಹಭಾಸ್, ಗೊತ್ತಿಲ್ಲದೆ ಬರೆದಿದ್ದರೆ ತಿದ್ದಿ.

ತೈವಾನ್‌ನಲ್ಲಿ ಇದೇ ಕೆಲಸ ಮಧ್ಯಾಹ್ನ, ಕಚೇರಿಗಳ ಮುಂದೆಯೂ ನಡೆಯುತ್ತದೆ. ಮೇಜಿನ ಮೇಲೆ ಬಿಸ್ಕತ್ತು, ನೂಡಲ್ಸ್ ಪೊಟ್ಟಣ, ಪಕ್ಕದಲ್ಲಿ ಒಂದು ಬೋಗುಣಿ ನೀರು, ಹೊಸ ಟವೆಲ್. ದೂರದಿಂದ ಬಂದವರು ಮುಖ ತೊಳೆದು ಉಣ್ಣಲಿ ಎಂದು. ಪ್ರತಿ ತಿನಿಸಿಗೂ ಒಂದೊಂದು ಊದುಬತ್ತಿ ಚುಚ್ಚುತ್ತಾರೆ. ದೆವ್ವ ಎನ್ನುವುದಿಲ್ಲ, 'ಹಾವೊ ಶಿಯೋಂಗ್‌ದಿ' ಎನ್ನುತ್ತಾರೆ, ಒಳ್ಳೆಯ ಅಣ್ಣತಮ್ಮಂದಿರು. ಹಾವಿಗೆ ನಮ್ಮಲ್ಲಿ ರಾತ್ರಿ ಹೊತ್ತು ಹುಳು ಎನ್ನುವ ಹಾಗೆ. ಬಾಳೆಹಣ್ಣು, ಪ್ಲಮ್, ಪೇರ್ ಒಟ್ಟಿಗೆ ಇಡುವುದಿಲ್ಲ, ಮೂರರ ಹೆಸರು ಸೇರಿಸಿ ಹೇಳಿದರೆ 'ನಿನ್ನನ್ನು ಕರೆಯುತ್ತೇನೆ, ಬಾ' ಎಂಬಂತೆ ಕೇಳಿಸುತ್ತದೆ. ಅನಾನಸ್ ಕೂಡ ಬೇಡ, ಅದರ ಸ್ಥಳೀಯ ಹೆಸರು 'ಸಮೃದ್ಧಿಯಾಗಿ ಬಾ' ಎಂಬ ಮಾತನ್ನು ಹೋಲುತ್ತದೆ. ದೊಡ್ಡ ಅನಾಹುತ ಇಂಥ ಸಣ್ಣ ಹಣ್ಣಿನಿಂದ ಶುರುವಾದರೆ ಕಥೆಗೆ ಮ್ಯೂಸಿಯಂ ಸ್ಫೋಟಕ್ಕಿಂತ ಹೆಚ್ಚು ಬಲ.

ನಗರ ಈ ದೆವ್ವಗಳನ್ನು ಓಡಿಸಿಲ್ಲ, ಹೊಸ ಜಾಗ ಕೊಟ್ಟಿದೆ. ನದಿಯ ದೆವ್ವ ಹೆದ್ದಾರಿಗೆ ಬಂದಿದೆ: ತೈಪೆಯಿಂದ ಯೀಲಾನ್‌ಗೆ ಹೋಗುವ ಹಳೆಯ ಘಟ್ಟದ ರಸ್ತೆಯಲ್ಲಿ, ಅಪಘಾತದ ತಿರುವುಗಳಲ್ಲಿ ಸತ್ತವರು ಬದಲಿ ಹಿಡಿಯುತ್ತಾರೆಂದು ಚಾಲಕರು ಕಿಟಕಿಯಿಂದ 'ದಾರಿ ಸುಂಕ'ದ ಕಾಗದದ ಹಣ ಎರಚುತ್ತಿದ್ದರು, ಅಮಿತಾಭ ಬುದ್ಧನ ನಾಮ ಕೆತ್ತಿದ ಕಲ್ಲು ನಿಲ್ಲಿಸುತ್ತಿದ್ದರು. ಬಾಡಿಗೆ ಮನೆಯ ದೆವ್ವ ರಿಯಲ್ ಎಸ್ಟೇಟ್ ಕಾಗದಪತ್ರದೊಳಗೆ ಹೋಗಿದೆ. ಕೊಲೆ, ಆತ್ಮಹತ್ಯೆ ನಡೆದ ಫ್ಲ್ಯಾಟಿಗೆ 'ಶಿಯೋಂಗ್ ಝಾಯ್', ಕೆಟ್ಟ ಮನೆ, ಎಂದು ಹೆಸರು. ತೈವಾನ್‌ನ ಗೃಹ ಇಲಾಖೆ 2008ರ ಜುಲೈನಲ್ಲಿ ಇದಕ್ಕೊಂದು ವ್ಯಾಖ್ಯೆಯನ್ನೇ ಕೊಟ್ಟಿತು: ಮಾರುವವನ ಒಡೆತನದ ಅವಧಿಯಲ್ಲಿ, ಆ ಮನೆಯ ಸ್ವಂತ ಭಾಗದೊಳಗೆ ಕೊಲೆಯೋ ಆತ್ಮಹತ್ಯೆಯೋ ನಡೆದಿರಬೇಕು, ಸಹಜ ಸಾವು ಲೆಕ್ಕಕ್ಕಿಲ್ಲ. ಕಿಟಕಿಯಿಂದ ಹಾರಿ ಕೆಳಗೆ ಬಿದ್ದು ಸತ್ತರೆ? ಹಾರಿದ ಮನೆಯೇ ಕೆಟ್ಟ ಮನೆ. ಹಾಂಕಾಂಗ್‌ನಲ್ಲಿ ಇಂಥ ಫ್ಲ್ಯಾಟುಗಳನ್ನು ವಿಳಾಸ ಸಮೇತ ಪಟ್ಟಿ ಮಾಡುವ ಜಾಲತಾಣಗಳಿವೆ, ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ, ಬೆಲೆ ಬೀಳುತ್ತದೆ, ನಂಬಿಕೆ ಇಲ್ಲದವರು ಅಗ್ಗಕ್ಕೆ ಕೊಳ್ಳುತ್ತಾರೆ. ನಿಮ್ಮ ನಾಯಕ ಯಾಕೆ ಆ ಮನೆಗೆ ಬಂದ ಎಂಬುದಕ್ಕೆ ಇದಕ್ಕಿಂತ ಸಹಜ ಕಾರಣ ಬೇಕೇ?

ಅಂಥ ಪುಟ್ಟ ಫ್ಲ್ಯಾಟಿನಲ್ಲಿ ಒಂದು ದೃಶ್ಯ ಖಂಡಿತ ಇರಲಿ, ಏಳನೇ ರಾತ್ರಿ. ಸತ್ತ ಏಳನೇ ದಿನ ಆತ್ಮ ಒಮ್ಮೆ ಮನೆಗೆ ಬರುತ್ತದೆ. ಇಷ್ಟದ ಅಡುಗೆ ಮೇಜಿನ ಮೇಲಿಟ್ಟು, ಬಾಗಿಲ ಬಳಿ ನೆಲಕ್ಕೆ ತೆಳ್ಳಗೆ ಹಿಟ್ಟು ಉದುರಿಸಿ, ಮನೆಯವರು ಕೋಣೆಯ ಕದ ಹಾಕಿಕೊಂಡು ಮಲಗುತ್ತಾರೆ. ಸದ್ದಾದರೂ ಹೊರಗೆ ಬರಬಾರದು, ನಿಮ್ಮ ಮುಖ ನೋಡಿದರೆ ಅದಕ್ಕೆ ಹೋಗಲು ಮನಸ್ಸಾಗುವುದಿಲ್ಲ. ಬೆಳಿಗ್ಗೆ ಎದ್ದು ನೆಲ ನೋಡಬೇಕು. ಹಿಟ್ಟಿನ ಮೇಲೆ ಒಳಬಂದ ಹೆಜ್ಜೆ ಇದ್ದು ಹೊರಹೋದ ಹೆಜ್ಜೆ ಇಲ್ಲದಿದ್ದರೆ, ಅಲ್ಲಿಂದ ಮುಂದೆ ನೀವೇ ಬರೆಯಿರಿ.

ಮದುವೆಯಾಗದೆ ಸತ್ತ ಹೆಣ್ಣಿನದು ಇನ್ನೊಂದು ಬಾಕಿ. ತವರಿನ ಪೀಠದಲ್ಲಿ ಅವಳಿಗೆ ಜಾಗವಿಲ್ಲ, ಗಂಡನ ಮನೆ ಇಲ್ಲ. ತೈವಾನ್‌ನಲ್ಲಿ ಅವಳ ಕೂದಲು, ಉಗುರು ಇಟ್ಟ ಕೆಂಪು ಲಕೋಟೆಯನ್ನು ದಾರಿಯಲ್ಲಿ ಬಿಟ್ಟು ಮನೆಯವರು ಮರೆಯಲ್ಲಿ ಕಾಯುತ್ತಿದ್ದರು, ಎತ್ತಿಕೊಂಡ ಗಂಡಸೇ ವರ. ನಮ್ಮ ತುಳುನಾಡಿನ ಪ್ರೇತ ಮದುವೆ ಬಲ್ಲವರಿಗೆ ಇದು ಪರದೇಶದ ಮಾತು ಅನ್ನಿಸಲಾರದು. ಆದರೆ ಉತ್ತರ ಚೀನಾದ ಕೆಲವೆಡೆ ಇದರ ಕರಾಳ ಮುಖವಿದೆ: ಸತ್ತ ಮಗನ ಪಕ್ಕ ಹೂಳಲು ಹೆಣ್ಣಿನ ಹೆಣ ಕದ್ದು ಮಾರುವವರಿದ್ದಾರೆ. ಚೀನಾದ ದಂಡಸಂಹಿತೆಯ 302ನೇ ವಿಧಿಯಡಿ ಹೆಣ ಕದ್ದರೆ ಮೂರು ವರ್ಷದವರೆಗೆ ಸೆರೆ. ಸೇಡಿನ ದೆವ್ವಕ್ಕೆ ಇದಕ್ಕಿಂತ ನ್ಯಾಯವಾದ ಕಾರಣ ನನಗೆ ತೋಚುತ್ತಿಲ್ಲ.

ಕಥೆಯ ಒಂದು ಭಾಗವನ್ನು ಚೀನಾ ಮುಖ್ಯಭೂಮಿಗೆ ಒಯ್ಯುವುದಾದರೆ ಅಲ್ಲಿನ ಗಾಳಿ ಬೇರೆ ಎಂಬುದು ನೆನಪಿರಲಿ. 1963ರಲ್ಲೇ ದೆವ್ವ ಬರುವ ನಾಟಕಗಳನ್ನು ನಿಲ್ಲಿಸಿದ್ದರು, 2008ರಲ್ಲಿ ದೆವ್ವದ ಸಿ.ಡಿ.ಗಳ ಮೇಲೆ ಕೈಯಿಟ್ಟರು. ಅದಕ್ಕೇ ಅಲ್ಲಿನ ಸಿನಿಮಾಗಳಲ್ಲಿ ದೆವ್ವ ಕೊನೆಗೆ ಕನಸೋ ಮನೋರೋಗವೋ ಆಗಿಬಿಡುತ್ತದೆ.

ಮಂತ್ರದ ವಿಷಯಕ್ಕೆ ಬರೋಣ. ತಾವೊ ಪುರೋಹಿತನ ಹಳದಿ ಚೀಟಿ ಬೆಳಕಿನ ಅಸ್ತ್ರವಲ್ಲ, ಸರ್ಕಾರಿ ಕಾಗದ. ಮೇಲೆ 'ಚಿಲಿಂಗ್', ರಾಜಾಜ್ಞೆ, ಎಂಬ ತಲೆಬರಹ. ಕೆಳಗೆ ಯಾವ ದೇವತೆಯ ಹೆಸರಿನಲ್ಲಿ, ಯಾರಿಗೆ, ಏನು ಮಾಡಲು ಎಂಬ ವಿವರ. ಬರೆಯುವುದು ಇಂಗಲೀಕದ ಕೆಂಪಿನಲ್ಲಿ. ಕೊನೆಗೆ ಕೂಗುವ 'ಜೀ ಜೀ ರು ಲ್ಯೂ ಲಿಂಗ್' ಎಂಬುದು ಹಾನ್ ಕಾಲದ ಕಚೇರಿ ಪತ್ರಗಳ ಒಕ್ಕಣೆ: 'ಕಾನೂನಿನ ಪ್ರಕಾರ ಕೂಡಲೇ ಜಾರಿಯಾಗತಕ್ಕದ್ದು'. ಆದ್ದರಿಂದ ಮಂತ್ರ ಕೆಲಸ ಮಾಡದಿರುವ ಕಾರಣಗಳೂ ಕಚೇರಿಯ ಕಾರಣಗಳೇ. ಅಧಿಕಾರ ಇಲ್ಲದವನು ಸಹಿ ಹಾಕಿದ, ವ್ಯಾಪ್ತಿ ಬೇರೆ ಊರಿನದು, ಹೆಸರಿನಲ್ಲಿ ಅಕ್ಷರ ತಪ್ಪಾಯಿತು, ಅಥವಾ ದೆವ್ವದ ಕೈಯಲ್ಲೇ ಮೇಲಿನ ನ್ಯಾಯಾಲಯದ ಅನುಮತಿ ಪತ್ರವಿದೆ. ನಿಜವಾದ ಅನ್ಯಾಯವಾಗಿದ್ದರೆ ಸೇಡಿಗೆ ಪಾತಾಳವೇ ಪರವಾನಗಿ ಕೊಡುತ್ತದೆಂಬ ಕಥೆಗಳು ಬೇಕಾದಷ್ಟಿವೆ, ಅಂಥ ಕಾಗದ ಹಿಡಿದು ಬಂದವಳ ಮುಂದೆ ಪುರೋಹಿತ ಕೈ ಮುಗಿದು ಪಕ್ಕಕ್ಕೆ ಸರಿಯುತ್ತಾನೆ. ಬಾಕಿ ಏನೆಂದು ತಿಳಿಯಲು ಹಾಂಕಾಂಗ್‌ನಲ್ಲಿ 'ಮನ್ ಮಾಯ್', ಅಕ್ಕಿ ಕೇಳುವ, ಹೆಂಗಸರಿದ್ದಾರೆ. ಅವರ ಮೈಮೇಲೆ ಬಂದು ಸತ್ತವರು ಮಾತಾಡುತ್ತಾರೆ. ನಾಯಕ ಮೊದಲು ಅಲ್ಲಿಗೆ ಹೋಗಲಿ, ಕತ್ತಿ ಹಿಡಿಯುವುದು ಆಮೇಲೆ.

ಇನ್ನು ನಿಮ್ಮ ಮಡಕೆ. ದಕ್ಷಿಣ ಚೀನಾದ ಹಳೆಯ ಪದ್ಧತಿಯಲ್ಲಿ ಹೂಳುವುದು ಎರಡು ಸಲ. ಕೆಲವು ವರ್ಷಗಳ ಮೇಲೆ ಗುಂಡಿ ತೆರೆದು, ಮೂಳೆಗಳನ್ನು ಶುಚಿ ಮಾಡಿ, ಕಾಲಿನವು ಕೆಳಗೆ, ತಲೆಬುರುಡೆ ಮೇಲೆ ಬರುವಂತೆ, ಕುಳಿತ ಮನುಷ್ಯನ ಕ್ರಮದಲ್ಲಿ ಒಂದು ಮಣ್ಣಿನ ಜಾಡಿಯಲ್ಲಿ ಜೋಡಿಸುತ್ತಾರೆ. ತೊಡೆಮೂಳೆ ನೆಟ್ಟಗೆ ನಿಲ್ಲುವಷ್ಟು ಎತ್ತರದ ಈ ಜಾಡಿಗೆ ಕ್ಯಾಂಟೊನೀಸ್‌ನಲ್ಲಿ 'ಗಮ್ ತಾಪ್' ಎಂಬ ಹೆಸರು. ಹಾಂಕಾಂಗ್‌ನ ನ್ಯೂ ಟೆರಿಟರೀಸ್ ಗುಡ್ಡಗಳಲ್ಲಿ ಇವು ಸಾಲಾಗಿ ಕುಳಿತಿರುವುದನ್ನು ಈಗಲೂ ಕಾಣಬಹುದು. ಜಾಡಿಯ ಮೇಲೋ ಮುಚ್ಚಳದ ಒಳಗೋ ಮಸಿಯಲ್ಲಿ ಹೆಸರು ಬರೆಯುತ್ತಾರೆ.

ನಿಮ್ಮ ಮ್ಯೂಸಿಯಂ ಮಡಕೆ ಇದೇ ಆಗಲಿ. ಅದರಲ್ಲಿ ನೂರಾರು ದೆವ್ವ ಇರಲು ಸಾಧ್ಯವಿಲ್ಲ, ಒಂದು ಜಾಡಿಗೆ ಒಬ್ಬರು. ಅದು ಅವರನ್ನು ಕೂಡಿಹಾಕಿದ ಸೆರೆಯಲ್ಲ, ಮನೆ. ಒಡೆದಾಗ ಸೆರೆ ತಪ್ಪಿಸಿಕೊಳ್ಳುವುದಿಲ್ಲ, ಮನೆ ಕಳೆದುಕೊಳ್ಳುತ್ತಾರೆ. ನೂರು ಬೇಕೇ ಬೇಕೆಂದರೆ ರಸ್ತೆಗಾಗಿ ಗುಡ್ಡ ಅಗೆದಾಗ ವಾರಸುದಾರರಿಲ್ಲವೆಂದು ಗೋದಾಮಿಗೆ ಸಾಗಿಸಿದ ನೂರು ಜಾಡಿ ಇಡಿ. ವಾರಸುದಾರರು ಇದ್ದರು, ವಲಸೆ ಹೋಗಿದ್ದರು, ನೋಟಿಸು ಅವರನ್ನು ತಲುಪಲಿಲ್ಲ. ಕೊಲೆಗಳಿಗೆ ಈಗ ಗುರಿ ಸಿಕ್ಕಿತು: ವಿಚಾರಣೆ ಮಾಡದೆ ಸಹಿ ಹಾಕಿದವರು ಯಾರು?

ಅಂತ್ಯದಲ್ಲಿ ಮತ್ತೆ ಮಡಕೆಗೆ ತುಂಬುವುದು ಇರಲಿ, ಆದರೆ ಅದನ್ನು ಕೈಯಿಂದಲೇ ಮಾಡಿಸಿ. ನಾಯಕ ಮೂಳೆ ಒಂದೊಂದಾಗಿ ಕ್ರಮ ತಪ್ಪದೆ ಜೋಡಿಸಬೇಕು, ಹೊಸ ಮುಚ್ಚಳಕ್ಕೆ ಹೆಸರು ಬರೆಯಬೇಕು. ಹಳೆಯ ಮುಚ್ಚಳ ಮೂರು ಚೂರಾಗಿದೆ, ಮಸಿ ಅರ್ಧ ಅಳಿಸಿದೆ, ಒಂದು ಗೆರೆ ಹೆಚ್ಚುಕಮ್ಮಿಯಾದರೆ ಅದು ಬೇರೆಯವರ ಹೆಸರು. ಆ ಅಕ್ಷರ ಓದಬಲ್ಲ ಮುದುಕಿಯೊಬ್ಬಳನ್ನು ಮೊದಲ ಅಧ್ಯಾಯದಲ್ಲೇ, ಯಾರ ಗಮನಕ್ಕೂ ಬಾರದ ಹಾಗೆ, ಮ್ಯೂಸಿಯಂನ ನೆಲ ಒರೆಸಲು ಬಿಟ್ಟಿರಿ.